ಹಗೇವಿನ ಗೋಡೆಯ ಗೆರೆಗಳು

ಕಣಗಳ ಬೀಮ್ ಬಿಡುವ ಮೊದಲು ಒಳಗೆ ಯಾರೂ ಉಳಿದಿಲ್ಲ ಅಂತ ಒಬ್ಬರು ಸುತ್ತು ಹಾಕಿ ನೋಡಿ ಬರಬೇಕು. ಅದು ಅಲ್ಲಿನ ನಿಯಮ. ದೆಹಲಿಯ ಆ ಪ್ರಯೋಗಾಲಯದಲ್ಲಿ ಅಯಾನುಗಳನ್ನು ಓಡಿಸುವ ಯಂತ್ರ ಇರುವ ಹಾಲಿಗೆ ಕಿಟಕಿ ಇಲ್ಲ. ಗೋಡೆಗಳು ನಮ್ಮ ಬಸವಕಲ್ಯಾಣದ ಕೋಟೆ ಗೋಡೆಯ ಹಾಗೆ ದಪ್ಪ. ಒಳಗೆ ಹೋಗಿ, ಉಕ್ಕಿನ ಕೊಳವೆಗಳ ಸಂದಿಯಲ್ಲಿ ನಡೆದು, ಕೊನೆಯ ಮೂಲೆಯಲ್ಲಿರುವ ಗುಂಡಿ ಒತ್ತಿ, ಯಾರಾದರೂ ಇದ್ದೀರಾ ಎಂದು ಜೋರಾಗಿ ಕೂಗಿ, ಹೊರಗೆ ಬಂದು ಬಾಗಿಲು ಹಾಕಿ ಕೀಲಿ ತಿರುವಬೇಕು. ಅಷ್ಟಾದ ಮೇಲೆಯೇ ಯಂತ್ರ ನಮ್ಮ ಮಾತು ಕೇಳುವುದು.

ಮೊದಲ ಸಲ ನನ್ನನ್ನು ಕಳಿಸಿದವಳು ನನಗಿಂತ ಮೊದಲು ಅಲ್ಲಿ ಪಿಎಚ್.ಡಿ.ಗೆ ಸೇರಿದ್ದ ಹುಡುಗಿ. "ನಾಚಿಕೊಳ್ಳಬೇಡ, ಗಟ್ಟಿಯಾಗಿ ಕೂಗು" ಅಂತ ಹಿಂದಿಯಲ್ಲಿ ಹೇಳಿದಳು. ಹಿಂದಿಯಲ್ಲೇ ಕೂಗಬೇಕೆಂದು ನಾನೂ ಅಂದುಕೊಂಡೇ ಹೋದೆ. ಮೂಲೆಯಲ್ಲಿ ಗುಂಡಿ ಒತ್ತಿದಾಗ ಬಾಯಿಂದ ಬಂದದ್ದು ಮನೆಯ ಮಾತು.

"ಒಳಗ ಯಾರರೆ ಅದೀರೇನು?"

ಪಂಪುಗಳ ಗುಂಯ್‌ಗುಡುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಹೊರಗೆ ಬರಬೇಕಿತ್ತು. ಬರಲಿಲ್ಲ. ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದೆ. ಆ ಹುಡುಗಿ ಬಾಗಿಲಿಗೆ ಬಂದು, "ಏನಾಯಿತು? ಯಾರಾದರೂ ಇದ್ದಾರಾ?" ಎಂದು ಕೇಳಿದಳು.

"ಇಲ್ಲ" ಅಂದೆ.

ನಮ್ಮ ಮನೆಯಲ್ಲಿ ಯಾರೂ ಕೂಗದೆ ಬಾಗಿಲು ಹಾಕುವುದಿಲ್ಲ. ಕುರಿ ಕೂಡುವ ಹಟ್ಟಿಯಾಗಲಿ, ಕಾಳಿನ ಕೋಣೆಯಾಗಲಿ, ಬಚ್ಚಲಾಗಲಿ, ಒಳಗೆ ಯಾರೂ ಇಲ್ಲ ಎಂದು ಕಣ್ಣಿಗೆ ಕಾಣುತ್ತಿದ್ದರೂ ಒಮ್ಮೆ ಕೂಗಿ, ಒಂದು ಗಳಿಗೆ ನಿಂತು, ಆಮೇಲೆ ಚಿಲಕ. ಹೊಸದಾಗಿ ಬಂದ ಅಳಿಯಂದಿರು, ಸೊಸೆಯಂದಿರು ಮೊದಮೊದಲು ನಗುತ್ತಾರೆ. ಕಾರಣ ಕೇಳಿದ ಮೇಲೆ ಅವರೂ ಕೂಗಲು ಶುರು ಮಾಡುತ್ತಾರೆ.

ಇದು ಶುರುವಾದದ್ದು ನನ್ನ ಕಾಕಾನಿಂದ. ಕಾಕಾ ಅಂದರೆ ಅಪ್ಪನ ತಮ್ಮ. ಬಸವಕಲ್ಯಾಣದ ಊರಂಚಿಗೆ ನಮ್ಮ ಮಣ್ಣಿನ ಮಾಳಿಗೆ ಮನೆ. ಅಪ್ಪ ಹೊಲ ನೋಡಿಕೊಂಡರೆ ಕಾಕಾ ಕುರಿ ಮೇಯಿಸುತ್ತಿದ್ದ. ಎತ್ತರದ ಆಳು, ಬಾಗಿಲಲ್ಲಿ ಬಗ್ಗಿಯೇ ಬರಬೇಕು. ಅವನು ಮನೆಗೆ ಬಂದರೆ ಮೊದಲು ಕೆಮ್ಮು ಕೇಳುತ್ತಿತ್ತು, ಆಮೇಲೆ ಕಂಬಳಿಯ ವಾಸನೆ, ಆಮೇಲೆ ಅವನು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾಳಿಗೆ ಜಂತಿಗೆ ನನ್ನ ತಲೆ ತಗಲುವಂತೆ ಮಾಡಿ, "ಮುಟ್ಟಿದೇನು ಆಕಾಶ?" ಅನ್ನುತ್ತಿದ್ದ.

ಅಂಗಳದಲ್ಲಿ ನೆಲದೊಳಗೆ ಒಂದು ಹಗೇವು ಇತ್ತು. ಈಗಿನವರಿಗೆ ಹೇಳಬೇಕಾಗುತ್ತದೆ: ಹಗೇವು ಅಂದರೆ ಜೋಳ ತುಂಬಿಡುವ ನೆಲದಡಿಯ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಕೊಡದ ಹೊಟ್ಟೆಯ ಹಾಗೆ ಅಗಲ. ಗೋಡೆಗೆ ಮಣ್ಣು, ಸಗಣಿ ಸೇರಿಸಿ ಮೆತ್ತಿ, ದಂಟು ಹಾಸಿ, ಜೋಳ ಸುರಿದು, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಎಳೆದರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಹುಳ ಯಾಕೆ ಮುಟ್ಟುವುದಿಲ್ಲ ಅಂದರೆ ಅಲ್ಲಿ ಉಸಿರಾಡಲು ಗಾಳಿಯೇ ಇರುವುದಿಲ್ಲ. ಜೋಳದ ಕಾಳೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿರುವ ಒಳ್ಳೆಯ ಗಾಳಿಯನ್ನು ಅದೇ ತಿಂದು, ಕೆಟ್ಟ ಗಾಳಿ ಬಿಡುತ್ತದೆ. ಆ ಗಾಳಿ ಭಾರ. ಬಾಯಿ ತೆರೆದರೂ ತಳದಲ್ಲಿ ನೀರಿನ ಹಾಗೆ ನಿಂತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ.

ಇದು ಮನೆಯವರಿಗೆ ಗೊತ್ತಿಲ್ಲದ್ದಲ್ಲ. ಚಪ್ಪಡಿ ತೆಗೆದು ಒಂದು ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಉರಿದರೆ ಇಳಿಯುವುದು ರೂಢಿ. ಅವತ್ತೂ ಇಳಿಸಿದರು. ದೀಪ ಉರಿಯಿತು. ಆದರೆ ಜೋಳದ ಮಟ್ಟ ಆ ವರ್ಷ ಬಹಳ ಕೆಳಗೆ ಹೋಗಿತ್ತು. ಹಗ್ಗ ಅಷ್ಟು ಉದ್ದ ಇರಲಿಲ್ಲ. ಕಂದೀಲು ನಡುವೆ ಉರಿದದ್ದನ್ನು ನೋಡಿ ಕಾಕಾ ಬುಟ್ಟಿ ಹಿಡಿದು ಇಳಿದ. ಮೂರನೇ ತರಗತಿಯಲ್ಲಿದ್ದ ನಾನು ಆಗ ಶಾಲೆಯಲ್ಲಿದ್ದೆ. ಮನೆಗೆ ಬಂದಾಗ ಅಂಗಳದ ತುಂಬ ಜನ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಗುಂಡಿಯ ಬಾಯಿಗೆ ಬೋರಲು ಮಲಗಿ ಒಳಗೆ ಕೂಗುತ್ತಿದ್ದಳು.

"ಮಗಾ, ಓ ಅನ್ನೋ. ಒಮ್ಮೆ ಓ ಅನ್ನೋ ನನ್ನಪ್ಪಾ."

ಅಪ್ಪ ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ಉಸಿರು ಕಟ್ಟಿ ಇಳಿದು, ತಮ್ಮನ ತೋಳ ಕೆಳಗೆ ಇನ್ನೊಂದು ಹಗ್ಗ ಹಾಕಿ ಮೇಲೆ ಬಂದ. ಆಮೇಲೆ ಕಾಕಾನನ್ನು ಎಳೆದರು. ನಾನು ಆ ಕಡೆ ನೋಡಲಿಲ್ಲ. ಎಲ್ಲರೂ ಅವನ ಸುತ್ತ ಸೇರಿದಾಗ ಗುಂಡಿಯ ಬಾಯಿ ಖಾಲಿಯಾಗಿತ್ತು. ನಾನು ಹೋಗಿ ಬಗ್ಗಿ ನೋಡಿದೆ. ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಬೆಳಕು ಬಿದ್ದ ಗೋಡೆಯ ಮೇಲೆ ಒಂದರ ಪಕ್ಕ ಒಂದು, ಒಂದೇ ಸಮನಾಗಿ ಗೆರೆಗಳು. ಬೆರಳು ಗೀರಿದ ಗೆರೆಗಳು.

ಕಾಕಾ ಮೇಲೆ ಹತ್ತಲು ನೋಡಿದ್ದಾನೆ ಎಂದು ತಿಳಿದುಕೊಂಡೆ. ಉಗುರು ಊರಿ ಗೋಡೆ ಹಿಡಿಯಲು ನೋಡಿದ್ದಾನೆ, ಜಾರಿದ್ದಾನೆ, ಮತ್ತೆ ಹಿಡಿದಿದ್ದಾನೆ. ಯಾರೋ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಸಂಜೆಗೆ ಚಪ್ಪಡಿ ಮುಚ್ಚಿ ಮಣ್ಣು ಎಳೆದರು. ಉಳಿದ ಜೋಳವನ್ನು ತೆಗೆಯಲಿಲ್ಲ.

ಗೆರೆಗಳ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹೇಳಬಾರದು ಅಂತೇನೂ ಅಲ್ಲ. ಆಯಿಗೆ ಹೇಳಿದರೆ ಆಯಿ ಸತ್ತೇ ಹೋಗುತ್ತಾಳೆ ಅನ್ನಿಸಿತು. ಕಾಕಾನ ಹೆಂಡತಿ ಕಾಕಿಗೆ ಹೇಳುವುದು ಹೇಗೆ? ಅವಳಿಗೆ ಆಗ ಸೊಂಟದ ಮೇಲೊಂದು ಮಗು. ಅಪ್ಪ ಆ ದಿನದ ಬಗ್ಗೆ ಮಾತೇ ಎತ್ತುತ್ತಿರಲಿಲ್ಲ. ಆಯಿ ಮಾತ್ರ ಅಂದಿನಿಂದ ಬಾಗಿಲು ಹಾಕುವ ಮೊದಲು ಕೂಗತೊಡಗಿದಳು. ಅವಳನ್ನು ನೋಡಿ ಅವ್ವ, ಅವ್ವನನ್ನು ನೋಡಿ ನಾವು.

ನಾನು ಭೌತಶಾಸ್ತ್ರ ಓದಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಕತೆ ಕಟ್ಟಲಾರೆ. ಅಂಕಗಳು ಚೆನ್ನಾಗಿ ಬಂದವು, ಕಲಬುರಗಿಯಲ್ಲಿ ಎಂ.ಎಸ್ಸಿ. ಆಯಿತು, ಹುಮನಾಬಾದಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಪಾಠ ಹೇಳುತ್ತಲೇ ಪಿಎಚ್.ಡಿ.ಗೆ ಸೇರಿದೆ. ಮಾರ್ಗದರ್ಶಕರು ಕೊಟ್ಟ ವಿಷಯ: ಅಯಾನುಗಳ ಏಟು ಬಿದ್ದ ಮೇಲ್ಮೈ ಹೇಗೆ ರೂಪ ಬದಲಿಸುತ್ತದೆ. ವರ್ಷಕ್ಕೆ ಒಂದೋ ಎರಡೋ ಸಲ ದೆಹಲಿಗೆ ಹೋಗಿ ಯಂತ್ರದ ಮುಂದೆ ಕೂರಬೇಕು. ಉಳಿದ ದಿನ ಹುಮನಾಬಾದಿನಲ್ಲಿ ಕೂತು ಲೆಕ್ಕ, ಚಿತ್ರ, ಬರವಣಿಗೆ.

ಕೆಲಸ ಹೀಗೆ. ಆರ್ಗಾನ್ ಅನಿಲದ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಅದು ಅಯಾನು. ಕಿತ್ತ ಮೇಲೆ ಅದಕ್ಕೆ ವಿದ್ಯುತ್ತಿನ ದೂಡು ಕೊಟ್ಟು ಎಲ್ಲಿಗೆ ಬೇಕೋ ಅಲ್ಲಿಗೆ ಓಡಿಸಬಹುದು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಉಗುರಿನಷ್ಟು ಅಗಲದ ಸಿಲಿಕಾನ್ ಚೂರನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಅಯಾನುಗಳ ಮಳೆ ಸುರಿಸುತ್ತೇವೆ. ಆ ಚೂರು ಕನ್ನಡಿಗಿಂತ ನುಣುಪು. ಅಯಾನುಗಳು ಒಂದರ ಸುದ್ದಿ ಒಂದಕ್ಕೆ ಗೊತ್ತಿಲ್ಲದಂತೆ ಬಂದು ಬೀಳುತ್ತವೆ. ಬಿದ್ದಲ್ಲಿ ಒಂದೆರಡು ಪರಮಾಣು ಎದ್ದು ಹಾರುತ್ತವೆ, ಕೆಲವು ಪಕ್ಕಕ್ಕೆ ಸರಿಯುತ್ತವೆ. ಮಳೆ ಹನಿ ಬೀಳುವ ಜಾಗಕ್ಕೆ ಲೆಕ್ಕವಿಲ್ಲವಲ್ಲ, ಹಾಗೆಯೇ ಇದಕ್ಕೂ ಇಲ್ಲ. ಹಾಗಾದರೆ ಮೇಲ್ಮೈ ಬರೀ ತರಕಲಾಗಬೇಕು. ಆಗುವುದಿಲ್ಲ. ಸಾಲು ಮೂಡುತ್ತದೆ.

ಯಾಕೆ ಅನ್ನುವುದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಅಯಾನಿನ ಏಟು ಮೇಲ್ಮೈಯಲ್ಲೇ ನಿಲ್ಲುವುದಿಲ್ಲ, ಸ್ವಲ್ಪ ಒಳಗೆ ಹೋಗಿ ತನ್ನ ಶಕ್ತಿ ಚೆಲ್ಲುತ್ತದೆ. ಎಲ್ಲೋ ಒಂದು ಕಣ್ಣಿಗೆ ಕಾಣದ ತಗ್ಗು ಇದ್ದರೆ, ಸುತ್ತ ಬಿದ್ದ ಏಟುಗಳ ಶಕ್ತಿಯೂ ಅಲ್ಲಿಗೆ ಬಂದು ಕೂಡಿಕೊಳ್ಳುತ್ತದೆ. ದಿಬ್ಬದ ಮೇಲಾದರೆ ಚದುರಿ ಹೋಗುತ್ತದೆ. ಹೀಗಾಗಿ ತಗ್ಗು ಇನ್ನಷ್ಟು ಬೇಗ ಸವೆಯುತ್ತದೆ. ಅದೇ ವೇಳೆಗೆ ಮೇಲ್ಮೈಯ ಪರಮಾಣುಗಳು ಅತ್ತಿತ್ತ ಸರಿದಾಡಿ ಆ ತಗ್ಗನ್ನು ತುಂಬಿ ಸಮ ಮಾಡಲು ನೋಡುತ್ತವೆ. ಒಂದು ಕೊರೆಯುತ್ತದೆ, ಒಂದು ತುಂಬುತ್ತದೆ. ಈ ಜಗ್ಗಾಟದಲ್ಲಿ ಒಂದು ಅಳತೆಯ ತಗ್ಗು ದಿಬ್ಬಗಳು ಮಾತ್ರ ಗೆದ್ದು ಉಳಿಯುತ್ತವೆ. ಬಿತ್ತಿದ ಸಾಲಿನ ಹಾಗೆ ಒಂದರ ಪಕ್ಕ ಒಂದು. ತಲೆಗೂದಲಿನ ಅಗಲದಲ್ಲಿ ಇಂಥ ಸಾವಿರದಷ್ಟು ಸಾಲು ಹಿಡಿಯುತ್ತವೆ. ಅಯಾನು ಬಂದು ಬೀಳುವ ಓರೆಯನ್ನು ಬಹಳ ಹೆಚ್ಚಿಸಿದರೆ ಸಾಲುಗಳ ದಿಕ್ಕೇ ತಿರುಗಿಬಿಡುತ್ತದೆ. ಇಂಥ ಸಾಲಿನ ಮೇಲೆ ಬೆಳ್ಳಿಯನ್ನು ತೆಳ್ಳಗೆ ಕೂರಿಸಿದರೆ ಅದು ಬೆಳಕಿನ ಜೊತೆ ಬೇರೆಯೇ ಆಟ ಆಡುತ್ತದೆ. ಜನ ಇದನ್ನು ಬಳಸುವುದು ಅದಕ್ಕೆ.

ಹೊರಗೆ ತೆಗೆದ ಚೂರನ್ನು ಬರಿಗಣ್ಣಿಂದ ನೋಡಿದರೆ ಏನೂ ಆಗಿಲ್ಲ. ಹೊಳಪು ಹಾಗೇ ಇರುತ್ತದೆ. ಆಮೇಲೆ ಅದನ್ನು ಒಂದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇವೆ. ಅದು ನೋಡುವುದಿಲ್ಲ, ಮುಟ್ಟುತ್ತದೆ. ಬಹಳ ಚೂಪಾದ ಸೂಜಿಯ ತುದಿ ಮೇಲ್ಮೈಯನ್ನು ಗೆರೆ ಗೆರೆಯಾಗಿ ಸವರುತ್ತಾ ಹೋಗುತ್ತದೆ, ಪರದೆಯ ಮೇಲೆ ಚಿತ್ರ ಮೇಲಿನಿಂದ ಕೆಳಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

ನನ್ನ ಮೊದಲ ಚಿತ್ರ ಬಿಚ್ಚಿಕೊಂಡದ್ದು ಒಂದು ಮಧ್ಯಾಹ್ನ. ತಂತ್ರಜ್ಞರು ಚಿತ್ರಕ್ಕೆ ಕಂದು ಬಣ್ಣ ಆರಿಸಿದ್ದರು, ಆ ಉಪಕರಣದಲ್ಲಿ ಅದೇ ರೂಢಿ. ಮೊದಲು ಒಂದು ಪಟ್ಟಿ, ಆಮೇಲೆ ಇನ್ನೊಂದು. ಕಾಲು ಭಾಗ ಬರುವಷ್ಟರಲ್ಲಿ ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಕಂದು ಮಣ್ಣಿನ ಮೇಲೆ ಒಂದೇ ಸಮನಾದ ಗೆರೆಗಳು. ಓರೆ ಬೆಳಕು. ಅಲ್ಲಲ್ಲಿ ಒಂದು ಗೆರೆ ಕವಲೊಡೆದು ಎರಡಾಗಿತ್ತು, ಬೆರಳು ಜಾರಿ ಮತ್ತೆ ಹಿಡಿದ ಹಾಗೆ.

"ಎಷ್ಟು ಚೆನ್ನಾಗಿ ಬಂದಿದೆ ನೋಡಿ" ಎಂದರು ತಂತ್ರಜ್ಞರು. ನಾನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತೆ. ಚಿತ್ರ ಪೂರ್ತಿಯಾದಾಗ ನಾನು ಅಲ್ಲಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅಂಥ ಚಿತ್ರ ಎಷ್ಟೋ ತೆಗೆದೆ. ಬಣ್ಣ ಬದಲಿಸಿ ನೀಲಿ ಮಾಡಿಕೊಂಡೆ, ಬೂದು ಮಾಡಿಕೊಂಡೆ. ಸಾಲುಗಳ ನಡುವಿನ ಅಂತರ ಅಳೆದೆ, ಕವಲುಗಳನ್ನು ಎಣಿಸಿದೆ. ಆದರೂ ಪ್ರತಿ ಸಲ ಚಿತ್ರ ಬಿಚ್ಚಿಕೊಳ್ಳುವಾಗ, ಮೊದಲ ಕೆಲವು ಗೆರೆ ಬಂದ ಕೂಡಲೇ, ಯಾರೋ ಆ ಕಡೆಯಿಂದ ಮೇಲೆ ಬರಲು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಹಾಲಿನಲ್ಲಿ ಕೂಗಿ ನಿಲ್ಲುವಾಗಲೂ ಅಷ್ಟೆ. ಒಮ್ಮೊಮ್ಮೆ ಪಂಪಿನ ಸದ್ದಿನ ನಡುವೆ ಕೆಮ್ಮು ಕೇಳಿದಂತಾಗಿ ಮತ್ತೆ ಒಂದು ಸುತ್ತು ಹಾಕಿ ಬರುತ್ತಿದ್ದೆ. ಅಲ್ಲಿ ನನಗೆ ಬಹಳ ಜಾಗ್ರತೆಯವಳು ಎಂದು ಹೆಸರು ಬಂತು.

ಒಂದು ಸಲ ಕಾಕಿ ಕಣ್ಣಿನ ಡಾಕ್ಟರರಿಗೆ ತೋರಿಸಲೆಂದು ಹುಮನಾಬಾದಿಗೆ ಬಂದವಳು ಕಾಲೇಜಿಗೆ ಬಂದಳು. ನನ್ನ ಮೇಜಿನ ಮೇಲೆ ಅಂಥದೊಂದು ಚಿತ್ರ ಮುದ್ರಿಸಿ ಇಟ್ಟಿದ್ದೆ. ಕಾಕಿ ಅದನ್ನು ದೂರ ಹಿಡಿದು ನೋಡಿದಳು.

"ಇದನ್ನ ಯಾರು ಸಾರಿಸ್ಯಾರ?"

"ಯಾರೂ ಸಾರಿಸಿಲ್ಲ ಕಾಕಿ. ಅದರ ಮ್ಯಾಲ ಕಣ್ಣಿಗಿ ಕಾಣದಂಥ ಕಣ ಬಿಡ್ತೀವಿ. ಬಿದ್ದು ಬಿದ್ದು ತಾನ ಹಿಂಗ ಆಗ್ತದ."

"ತಾನ?" ಕಾಕಿ ನನ್ನ ಮುಖ ನೋಡಿದಳು. "ಕೈ ಆಡಿಸದ ಇಷ್ಟು ಬರಾಬರ್ ಸಾಲು ಹ್ಯಾಂಗ ಬರ್ತದ ಯವ್ವಾ?" ನಕ್ಕು, ಚಿತ್ರ ಕೆಳಗಿಟ್ಟು, ಚಹಾ ಕುಡಿದು ಬಸ್ಸಿಗೆ ಹೋದಳು.

ಹೋದ ವರ್ಷ ಬೇಸಿಗೆಯಲ್ಲಿ ಕಾಕಿಯ ಮಗಳ ಫೋನು ಬಂತು. ನಾನು ಹೇಳಿದೆನಲ್ಲ, ಆಗ ಸೊಂಟದ ಮೇಲಿದ್ದ ಮಗು, ಅವಳೇ. ಗಂಡ ಮತ್ತು ತಾಯಿಯ ಜೊತೆ ಬಸವಕಲ್ಯಾಣದ ಅದೇ ಮನೆಯಲ್ಲಿದ್ದಾಳೆ. ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟಿದ್ದರು.

"ಅಕ್ಕಾ, ಗೌಂಡಿ ಅಂಗಳದಾಗ ಕಾಲಮ್ ಕಂಬಕ್ಕ ಗುರ್ತು ಹಾಕ್ಯಾನ. ಒಂದು ಬರಾಬರ್ ಹಗೇವಿನ ಮ್ಯಾಲ ಬಂದದ. ಅದನ್ನ ತೆರೀಲಾರ್ದ, ತುಂಬಲಾರ್ದ ಮನಿ ಕಟ್ಟಾಕ ಬರಂಗಿಲ್ಲ ಅನ್ತಾನ. ಅವ್ವಗ ಹೇಳೀನಿ. ನಾನೂ ಇಳಿದು ನೋಡ್ತೀನಿ ಅನ್ನಾಕತ್ತಾಳ. ಹಟ ಹಿಡದಾಳ. ನೀ ಜರಾ ಬಾ."

ಕಾಕಿ ಇಳಿಯುವುದು! ಫೋನಿಟ್ಟ ಮೇಲೆ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಅವಳು ಇಳಿದರೆ ಗೆರೆಗಳನ್ನು ನೋಡುತ್ತಾಳೆ.

ನನ್ನ ಜೊತೆ ಬಿ.ಎಸ್ಸಿ. ಓದಿದವನೊಬ್ಬ ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಸುರಕ್ಷತೆಯ ಕೆಲಸ ನೋಡುತ್ತಾನೆ. ಅಲ್ಲಿ ದೊಡ್ಡ ಟ್ಯಾಂಕುಗಳನ್ನು ತೊಳೆಯಲು ಜನ ಇಳಿಯುವ ಮೊದಲು ಒಳಗಿನ ಗಾಳಿ ಅಳೆಯುವ ಯಂತ್ರ ಇಳಿಸುತ್ತಾರೆ. ಅವನಿಗೆ ಹೇಳಿದೆ. ಭಾನುವಾರ ಆ ಯಂತ್ರ, ಗಾಳಿ ಊದುವ ಒಂದು ಬ್ಲೋವರ್, ಅದರ ಉದ್ದನೆಯ ಕೊಳವೆ ಎಲ್ಲ ಜೀಪಿಗೆ ಹಾಕಿಕೊಂಡು ಬಂದ. ಹೆದ್ದಾರಿಯಲ್ಲಿ ಅರ್ಧ ದಾರಿಗೆ ಬಂದಾಗ ಅವನೇ ಕೇಳಿದ: "ಆಗ ಇಂಥದೊಂದು ಇದ್ದಿದ್ರ?"

"ಹೂಂ" ಅಂದೆ.

ಅಂಗಳದಲ್ಲಿ ಮನೆಯ ಒಂದು ಭಾಗ ಆಗಲೇ ಕೆಡವಿದ್ದರು. ಕಾಕಿ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕೂತಿದ್ದಳು. ಮಿಂದು, ಒಗೆದ ಸೀರೆ ಉಟ್ಟಿದ್ದಳು. ಗೌಂಡಿಯ ಆಳುಗಳು ಮಣ್ಣು ಸರಿಸಿ, ಹಾರೆ ಹಾಕಿ ಚಪ್ಪಡಿ ಮೀಟಿದರು. ಕೆಳಗಿನಿಂದ ಹಳೆಯ ಹೊಟ್ಟಿನ, ತೇವದ ವಾಸನೆ ಬಂತು. ನನ್ನ ಗೆಳೆಯ ಎಲ್ಲರನ್ನೂ ದೂರ ನಿಲ್ಲಿಸಿ ಯಂತ್ರ ಇಳಿಸಿದ. ನಡುವಿನ ತನಕ ಅದು ಸುಮ್ಮನಿತ್ತು. ಇನ್ನಷ್ಟು ಇಳಿಸಿದ ಮೇಲೆ ಕಿರುಚತೊಡಗಿತು. ಅದರ ಕೆಂಪು ದೀಪ ಗುಂಡಿಯ ತಳದಲ್ಲಿ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿತ್ತು.

ಕಾಕಿ ಎದ್ದು ನಿಂತಳು. "ಅದೇನು ಒದರಾಕತ್ತದ?"

"ತಳದಾಗ ಹವಾ ಕೆಟ್ಟದ ಕಾಕಿ" ಎಂದ ಅವನು. "ಇಳದ್ರ ಎರಡು ಉಸಿರಿನಾಗ ಎಚ್ಚರ ತಪ್ತದ."

"ಇಷ್ಟು ವರ್ಷ ಆದ್ಮ್ಯಾಲೂ?"

"ಯಾರೂ ತೆರದಿಲ್ಲಲ್ರೀ. ಎಲ್ಲಿಗಿ ಹೋಗ್ಬೇಕು ಅದು?"

ಕಾಕಿ ಮತ್ತೆ ಕೂತಳು. ಕಾಕಾನನ್ನು ಕೊಂದ ಗಾಳಿ ಇನ್ನೂ ಅಲ್ಲೇ ಇತ್ತು. ಅದೇ ಗಾಳಿಯಲ್ಲ, ಉಳಿದ ಜೋಳ ಕೊಳೆತು ಮತ್ತೆ ಮತ್ತೆ ಕೆಡಿಸಿದ ಗಾಳಿ ಎಂದು ನನಗೆ ಗೊತ್ತು. ಗೊತ್ತಿದ್ದರೂ ಆ ಕ್ಷಣಕ್ಕೆ ಅದೇ ಗಾಳಿ ಅನ್ನಿಸಿತು. ನಾವು ಚಪ್ಪಡಿ ಮುಚ್ಚಿ ಅದನ್ನು ಕಾಪಾಡಿಕೊಂಡು ಬಂದಿದ್ದೆವು.

ಬ್ಲೋವರಿನ ಕೊಳವೆ ತಳಕ್ಕೆ ಬಿಟ್ಟು ಊದಿಸಿದರು. ಮಧ್ಯಾಹ್ನದ ಊಟದ ತನಕ ಊದಿಸಿದರು. ಮತ್ತೆ ಇಳಿಸಿದಾಗ ಯಂತ್ರ ಕಿರುಚಲಿಲ್ಲ. ಮೂಲೆ ಮೂಲೆಗೂ ತೂಗಾಡಿಸಿದ, ಕಿರುಚಲಿಲ್ಲ. ಗೆಳೆಯ ಮೊದಲು ತಾನು ಇಳಿದು, ನಿಂತು, ಹತ್ತಿ ಬಂದ. "ಈಗ ಇಳೀಬೌದು. ಊದೋದು ನಿಲ್ಸೋದಿಲ್ಲ. ಯಂತ್ರ ಜೋಡಿ ಇರ್ಲಿ. ಸೊಂಟಕ್ಕ ಹಗ್ಗ."

ನಾನು ಕಾಕಿಯ ಹತ್ತಿರ ಹೋಗಿ ಕೂತೆ. "ಕಾಕಿ, ನೀ ಇಳೀಬ್ಯಾಡ. ನಾ ನೋಡಿ ಬಂದು ಹೇಳ್ತೀನಿ."

"ಯಾಕ?"

ಯಾಕೆ ಎಂದು ಹೇಳಬೇಕಾಯಿತು. ಅಂಗಳದ ಆಚೆ ಆಳುಗಳು ಬೀಡಿ ಸೇದುತ್ತಿದ್ದರು, ತಂಗಿ, ಅಂದರೆ ಕಾಕಿಯ ಮಗಳು, ನನ್ನ ಗೆಳೆಯನಿಗೆ ನೀರು ಕೊಡುತ್ತಿದ್ದಳು. ನಾನು ಕಾಕಿಯ ಕಿವಿಗಷ್ಟೇ ಕೇಳುವ ಹಾಗೆ, ಆವತ್ತು ಬಗ್ಗಿ ನೋಡಿದ್ದನ್ನು, ಗೋಡೆ ಮೇಲೆ ಬೆರಳಿನ ಗೆರೆ ಇದ್ದದ್ದನ್ನು ಹೇಳಿದೆ. ಕಾಕಾ ಮೇಲೆ ಬರಾಕ ನೋಡ್ಯಾನ ಕಾಕಿ, ಅಂದೆ. ಅಷ್ಟು ಹೇಳುವಾಗ ನಾನು ಕಾಲೇಜಿನಲ್ಲಿ ಪಾಠ ಹೇಳುವವಳಾಗಿರಲಿಲ್ಲ. ಮೂರನೇ ತರಗತಿಯ ಹುಡುಗಿಯ ದನಿಯೇ ಬಂತು.

ಕಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ನಡಿ. ನೀನೂ ಬಾ."

ಏಣಿ ಬಿಟ್ಟರು. ಮೊದಲು ನಾನು ಇಳಿದೆ, ನನ್ನ ಮೇಲೆ ಕಾಕಿ. ಅವಳ ಪಾದಗಳನ್ನು ಒಂದೊಂದೇ ಮೆಟ್ಟಿಲಿಗೆ ನಾನೇ ಹಿಡಿದು ಇಟ್ಟೆ. ತಳದಲ್ಲಿ ಕಪ್ಪಗೆ ಪುಡಿಯಾದ ಜೋಳ ಕಾಲಿಗೆ ಮೆತ್ತಗೆ ಸಿಕ್ಕಿತು. ಬ್ಲೋವರಿನ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಬಿಸಿಲು ಆವತ್ತಿನ ಹಾಗೆಯೇ ಓರೆಯಾಗಿ ಒಳಗೆ ಬಿದ್ದಿತ್ತು. ಗೋಡೆಯ ಮೇಲೆ ಗೆರೆಗಳು ಇದ್ದವು. ನಾನು ಕನಸು ಕಂಡದ್ದಲ್ಲ.

ಆದರೆ ಅವು ಆ ಒಂದು ಕಡೆ ಮಾತ್ರ ಇರಲಿಲ್ಲ. ಕಣ್ಣು ಹೊಂದಿಕೊಂಡ ಹಾಗೆ ಕಂಡವು. ಸುತ್ತಲೂ ಇದ್ದವು, ತಳದಿಂದ ಕತ್ತಿನ ತನಕ, ಅರೆಚಂದ್ರದ ಹಾಗೆ ಬಾಗಿ, ಒಂದರ ಮೇಲೊಂದು ಏರಿ.

ಕಾಕಿ ಗೋಡೆಗೆ ಅಂಗೈ ಇಟ್ಟು ನಾಲ್ಕು ಬೆರಳನ್ನು ನಾಲ್ಕು ಗೆರೆಯೊಳಗೆ ಇಳಿಸಿದಳು.

"ಇದು ನನ್ನ ಕೈ" ಅಂದಳು.

ನಾನು ಅವಳ ಬೆರಳನ್ನೂ ಗೆರೆಯನ್ನೂ ನೋಡಿದೆ.

"ಲಗ್ನ ಆಗಿ ಬಂದ ವರ್ಷ. ನಾ ತೆಳ್ಳಗಿದ್ದೆ, ನಾನ ಇಳಿತೀನಿ ಅಂತ ಇಳದೆ. ಆಯಿ ಮ್ಯಾಲಿಂದ ಬುಟ್ಟಿ ಇಳಿಸಾಕಿ, ಮಣ್ಣು, ಸಗಣಿ. ನಾ ಮೆತ್ತಾಕಿ. ಮೆತ್ತಿ ಹಿಂಗ ಬಟ್ಟು ಎಳೀಬೇಕು." ಗೋಡೆಯ ಮೇಲೆ ಬೆರಳು ಎಳೆದು ತೋರಿಸಿದಳು. "ಎಳದ್ರ ಮ್ಯಾಲಿನ ಮೆತ್ತು ಹಿಡ್ಕೋತದ. ನಿಮ್ಮ ಕಾಕಾ ಮ್ಯಾಲ ಕುಂತು ನಗಸ್ತಿದ್ದ. ಜಲ್ದಿ ಬಾ, ಇಲ್ಲಂದ್ರ ಮುಚ್ಚಿಬಿಡ್ತೀನಿ ಅಂತಿದ್ದ."

ಮೇಲಿನಿಂದ ತಂಗಿ ಕೂಗಿದಳು, "ಅವ್ವಾ, ಆರಾಮ್ ಅದೀಯೇನು?"

"ಅದೀನಿ" ಎಂದು ಕಾಕಿ ಮೇಲೆ ನೋಡಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಅವ ಗೀರಿಲ್ಲ ಯವ್ವಾ. ನಿಮ್ಮಪ್ಪ ಆಮ್ಯಾಲ ನನಗೊಬ್ಬಾಕಿಗಿ ಹೇಳಿದ್ದ. ಇಲ್ಲಿ ಗ್ವಾಡಿಗಿ ಬೆನ್ನ ಹಚ್ಚಿ ಕುಂತಿದ್ನಂತ. ದಣದು ಬಂದವ್ರು ಕುಂದ್ರತಾರಲ್ಲ, ಹಂಗ. ಬುಟ್ಟಿ ತೊಡಿ ಮ್ಯಾಲಿತ್ತಂತ."

ಅವಳು ಅಲ್ಲಿ, ಆ ಪುಡಿ ಜೋಳದ ಮೇಲೆ, ಗೋಡೆಗೆ ಬೆನ್ನು ಹಚ್ಚಿ ಕೂತಳು. ನನಗೆ ಭಯವಾಯಿತು. ಯಂತ್ರದ ಅಂಕಿ ನೋಡಿದೆ, ಸರಿಯಾಗಿತ್ತು. ನಾನೂ ಪಕ್ಕದಲ್ಲಿ ಕೂತೆ. ಕಾಕಿ ಅಳಲಿಲ್ಲ. ಕೂತು ಸುತ್ತ ನೋಡಿದಳು, ಬೇರೊಬ್ಬರ ಮನೆಗೆ ಬಂದವರು ನೋಡುವ ಹಾಗೆ. "ತಂಪ ಅದ" ಅಂದಳು. ಒಂದಿಷ್ಟು ಹೊತ್ತಿಗೆ ತಾನೇ ಎದ್ದು, "ಏಣಿ ಹಿಡಿ" ಅಂದಳು.

ಮರುದಿನ ಟ್ರ್ಯಾಕ್ಟರಿನಲ್ಲಿ ಮುರುಮು ಮಣ್ಣು ತಂದು ಸುರಿದರು. ನೀರು ಬಿಟ್ಟು, ದಿಮ್ಮಿಯಿಂದ ಬಡಿದು, ಮತ್ತೆ ಸುರಿದರು. ನಾನು ಕಾಲೇಜಿಗೆ ರಜೆ ಹಾಕಿ ಅಲ್ಲೇ ಉಳಿದೆ. ಕಾಕಿ ಹೊರಸಿನ ಮೇಲೆ ಕೂತು ಕೊನೆಯ ಬುಟ್ಟಿ ಬೀಳುವ ತನಕ ನೋಡಿದಳು. ಆಮೇಲೆ ಆಳುಗಳಿಗೆಲ್ಲ ತಾನೇ ಚಹಾ ಮಾಡಿ ಕೊಟ್ಟಳು. ಸಕ್ಕರೆ ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಕೂತು ನನಗೆ ಹಗುರ ಅನ್ನಿಸಬೇಕಿತ್ತು. ಸೂಜಿಯ ಕೆಳಗೆ ಮೂಡುವ ಸಾಲು ಯಾರ ಸಂಕಟದ ಗುರುತೂ ಅಲ್ಲ ಎಂದು ಮಕ್ಕಳಿಗೆ ಹೇಳಿಕೊಡುವ ನಾನು, ಆ ಗೋಡೆಯ ವಿಷಯದಲ್ಲಿ ಮಾತ್ರ ಅದನ್ನು ನಂಬಿರಲಿಲ್ಲ. ಈಗ ನಂಬಿದೆ. ಹಗುರ ಅನ್ನಿಸಲಿಲ್ಲ. ಇಷ್ಟು ವರ್ಷ ನನ್ನ ಒಳಗಿದ್ದ ಕಾಕಾ ಹೆದರಿಸುತ್ತಿದ್ದ, ನಿಜ. ಆದರೆ ಅವನು ಮೇಲೆ ಬರಲು ನೋಡುತ್ತಿದ್ದ. ಉಗುರು ಊರಿ, ಜಾರಿ, ಮತ್ತೆ ಊರಿ. ದೆಹಲಿಯ ಹಾಲಿನಲ್ಲಿ ನಾನು ಕೂಗಿ ನಿಂತದ್ದು ಅವನಿಗಾಗಿ. ಈಗ ಅವನು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಾನೆ. ಅವನಿಗೆ ಯಾವ ಅವಸರವೂ ಇಲ್ಲ. ಈ ಕಾಕಾನ ಜೊತೆ ಏನು ಮಾಡಬೇಕು ಎಂದು ನನಗೆ ಇನ್ನೂ ತಿಳಿದಿಲ್ಲ.

ಮನೆ ಈ ದೀಪಾವಳಿಗೆ ಮುಗಿಯಿತು. ಅಂಗಳದಲ್ಲಿ ಹಗೇವು ಇದ್ದ ಜಾಗದ ಮೇಲೆ ಈಗ ನಡುಮನೆ ಬಂದಿದೆ, ನೆಲಕ್ಕೆ ಬಿಳಿ ಟೈಲ್ಸು. ಮನೆ ಒಕ್ಕಲಿನ ದಿನ ನೆಂಟರು ಅಲ್ಲೇ ಜಮಖಾನೆ ಹಾಸಿ ಕೂತು ಉಂಡರು. ಕಾಕಿ ಹೋಳಿಗೆ ಬಡಿಸುತ್ತಾ ಬಂದವಳು ನನ್ನ ಎಲೆಯ ಮುಂದೆ ನಿಂತು, "ತುಪ್ಪ ಹಾಕ್ಲೇನು?" ಎಂದು ಕೇಳಿದಳು. ಹೂಂ ಅಂದೆ. ಹಾಕಿ ಮುಂದಿನವರ ಕಡೆ ಹೋದಳು.